ಒಂದೇ ಜೀನಿನ ಹಿಂದೆ ಮೂವತ್ತು ವರ್ಷ

"ಹಗಲೊತ್ತು ಚೆನ್ನಾಗೇ ಕಾಣ್ತದೆ ಕಣೋ. ಹೊತ್ತು ಮುಳುಗಿದ ಮೇಲೆ ಯಾಕೆ ಕಾಣಲ್ಲ? ಕಣ್ಣು ಅದೇ ಅಲ್ವಾ?" ನಮ್ಮ ಸೋದರಮಾವ ಹೀಗೆ ಕೇಳಿ ಎಷ್ಟೋ ವರ್ಷ ಆಯಿತು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಹಾಗಾಗಿ ಮನೆಯಲ್ಲಿ ಇಂಥ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಕಣ್ಣಿನ ಹಿಂಭಾಗದ ಪದರ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ ಮಾವ, ಹಗಲಿಗೆ ಒಂದು, ರಾತ್ರಿಗೆ ಒಂದು, ನಿಮಗೆ ರಾತ್ರಿಯದ್ದು ಕೆಟ್ಟಿದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಒಂದೇ ಕಣ್ಣೊಳಗೆ ಎರಡು ಥರ ಹೆಂಗಪ್ಪ ಆಯ್ತು? ಇದು ಹಗಲಿಗೆ, ಇದು ರಾತ್ರಿಗೆ ಅಂತ ಬೇರೆ ಮಾಡಿದ್ದು ಯಾರು?" ಎಂದರು. ಅದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಉತ್ತರ ಇರಲಿಲ್ಲ. ನನ್ನ ತಲೆಯಲ್ಲಿ ಉಳಿದುಬಿಟ್ಟಿದ್ದು ಈ ಎರಡನೇ ಪ್ರಶ್ನೆ.

ಉತ್ತರ ಹುಡುಕುತ್ತಾ ಓದಿದಂತೆಲ್ಲ ಒಬ್ಬ ವಿಜ್ಞಾನಿಯ ಹೆಸರು ಮತ್ತೆ ಮತ್ತೆ ಎದುರಾಯಿತು. ಆನಂದ್ ಸ್ವರೂಪ್. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನಲ್ಲಿ ರೆಟಿನಾ ಬೆಳೆಯುವ ಬಗೆಯನ್ನೂ ಹಾಳಾಗುವ ಬಗೆಯನ್ನೂ ಅಧ್ಯಯನ ಮಾಡುವ ಪ್ರಯೋಗಾಲಯ ಕಟ್ಟಿದವರು. ಅವರು ಪಿಎಚ್‌.ಡಿ. ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜೀವರಸಾಯನ ವಿಭಾಗದಲ್ಲಿ. ತುಮಕೂರು ಕಡೆಯಿಂದ ಬಸ್ಸಿನಲ್ಲಿ ಬರುವಾಗ ಯಶವಂತಪುರ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟ್. ಮಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯೂ ಅದೇ. ಮಾವನ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಅಲ್ಲೇ ಓದಿದವರು ಎಂದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಚಪ್ಪಲಿ ಹುಡುಕದ ಮನುಷ್ಯ

ಮಾವನಿಗೆ ಇರುಳುಗಣ್ಣು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಎಷ್ಟರಮಟ್ಟಿಗೆ ಎಂದು ನನಗೆ ತಿಳಿದಿದ್ದು ಊರಿನಲ್ಲಿ ಪೌರಾಣಿಕ ನಾಟಕ ಇದ್ದ ಒಂದು ರಾತ್ರಿ. ನಾನಾಗ ಹೈಸ್ಕೂಲು ಹುಡುಗ. ಮಾವನಿಗೆ ನಾಟಕ ಎಂದರೆ ಪ್ರಾಣ. ಕಂದಪದ್ಯಗಳೆಲ್ಲ ಬಾಯಿಪಾಠ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಸಾಕು, ಕೂತಲ್ಲೇ ಗುನುಗುತ್ತಿದ್ದರು. ರಂಗದ ಮೇಲೆ ದೊಡ್ಡ ದೊಡ್ಡ ಲೈಟು ಇದ್ದವಲ್ಲ, ಪಾತ್ರಧಾರಿಗಳ ಕಿರೀಟದ ಮಣಿಯವರೆಗೂ ಅವರಿಗೆ ಕಾಣುತ್ತಿತ್ತು. ಬೆಳಗಿನ ಜಾವದ ಹತ್ತಿರ ಎದ್ದು ಹೊರಟೆವು. ಚಪ್ಪಲಿ ಬಿಟ್ಟಿದ್ದು ಪೆಂಡಾಲಿನ ಅಂಚಿನಲ್ಲಿ, ಬೆಳಕು ಮುಗಿಯುವ ಕಡೆ. ಎಲ್ಲರೂ ಬಗ್ಗಿ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಮಾವ ಮಾತ್ರ ಕಂಬಕ್ಕೆ ಒರಗಿ, ಯಾರ ಜೊತೆಗೋ ನಾಟಕದ ವಿಚಾರ ಮಾತಾಡುತ್ತಾ ನಿಂತೇ ಇದ್ದರು. ಜನ ಎಲ್ಲ ಹೋದ ಮೇಲೆ, "ನಮ್ಮೆಕ್ಕಡ ನೋಡೋ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ತೆಂಗಿನ ತೋಟದ ಬದುವಿನ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮನೆತನಕ ನಡೆದರು. ಬೆಳದಿಂಗಳಿತ್ತು. ನನಗೆ ದಾರಿಯ ಕಲ್ಲೂ ಕಾಣುತ್ತಿತ್ತು.

ಇಷ್ಟು ವರ್ಷ ಆದಮೇಲೆ ಆ ರಾತ್ರಿಯನ್ನು ನೆನೆದರೆ ಅಲ್ಲಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬಲ್ಲೆ. ಶಾಲೆಯಲ್ಲಿ ದಂಡಕೋಶ, ಶಂಕುಕೋಶ ಎಂದು ಓದಿರುತ್ತೀರಿ. ಆಸ್ಪತ್ರೆಯಲ್ಲಿ ರಾಡ್, ಕೋನ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನಮ್ಮ ಒಂದು ಕಣ್ಣಿನಲ್ಲಿ ಕೋನ್‌ಗಳು ಸುಮಾರು 60 ಲಕ್ಷ, ರಾಡ್‌ಗಳು 10 ಕೋಟಿಯ ಆಸುಪಾಸು. ರಂಗದ ಬೆಳಕಿನಲ್ಲಿ ಕಿರೀಟದ ಮಣಿ ತೋರಿಸಿದ್ದು ಕೋನ್. ಬಣ್ಣವೂ ಅದರದ್ದೇ ಕೆಲಸ. ಬೆಳದಿಂಗಳಲ್ಲಿ ಬದು ತೋರಿಸಬೇಕಾಗಿದ್ದು ರಾಡ್. ರಾಡ್ ಎಷ್ಟು ಸೂಕ್ಷ್ಮ ಎಂದರೆ ಬೆಳಕಿನ ಒಂದೇ ಒಂದು ಕಣ, ಒಂದು ಫೋಟಾನ್, ಬಿದ್ದರೂ ಅದಕ್ಕೆ ಗೊತ್ತಾಗುತ್ತದೆ. ಮಾವನಿಗೆ ಇರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಆಸ್ಪತ್ರೆಯವರ ಮಾತಿನಲ್ಲಿ ಆರ್‌ಪಿ. ಪ್ರಪಂಚದಲ್ಲಿ ಸುಮಾರು 4000 ಜನಕ್ಕೆ ಒಬ್ಬರಿಗೆ ಬರುವ ಕಾಯಿಲೆ. ಜೀನಿನ ದೋಷದಿಂದ ಬರುವುದು, ಮೊದಲು ರಾಡ್‌ಗಳು ಸಾಯುತ್ತವೆ. ನಮ್ಮಜ್ಜ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಅದು ಮಾಮೂಲು. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಸುಮ್ಮನೆ ಅಡಗಿದ್ದರೆ ಇಂಥ ಮದುವೆಯಲ್ಲಿ ಅದು ಮಕ್ಕಳಲ್ಲಿ ಜೋಡಿಯಾಗುವ ಸಾಧ್ಯತೆ ಜಾಸ್ತಿ.

ಕಳೆದು ಉಳಿದದ್ದು

ಯೇಲ್ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನದ ತರಬೇತಿ ಮುಗಿಸಿ ಸ್ವರೂಪ್ 1990ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿದರು. ಆಗ ಮನುಷ್ಯನ ಜೀನ್‌ಗಳ ಪೂರ್ತಿ ಪಟ್ಟಿ ಇರಲಿಲ್ಲ. ರೆಟಿನಾಕ್ಕೇ ಮೀಸಲಾದ ಜೀನ್ ಯಾವುದು ಎಂದು ತಿಳಿಯಬೇಕಿದ್ದರೆ ಕೈಯಾರೆ ಹುಡುಕಬೇಕಿತ್ತು. ದೇಹದ ಎಲ್ಲ ಕೋಶದಲ್ಲೂ ಇರುವುದು ಅದೇ ಜೀನ್‌ಗಳು. ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಎನ್ನುವುದರಲ್ಲೇ ಕಣ್ಣಿಗೂ ಚರ್ಮಕ್ಕೂ ವ್ಯತ್ಯಾಸ. ಹಾಗಾಗಿ ರೆಟಿನಾದಲ್ಲಿ ಕೆಲಸ ಮಾಡುತ್ತಿರುವ ಜೀನ್‌ಗಳ ಸಂಗ್ರಹದಿಂದ ಬೇರೆ ಕಡೆಯೂ ಕೆಲಸ ಮಾಡುವವನ್ನು ಕಳೆಯುತ್ತಾ ಹೋಗಬೇಕು. ಎರಡು ಮನೆಯ ದಿನಸಿ ಚೀಟಿ ಪಕ್ಕಪಕ್ಕ ಇಟ್ಟುಕೊಂಡು ಅಕ್ಕಿ, ಬೇಳೆ, ಉಪ್ಪು ಎಂದು ಇಬ್ಬರಲ್ಲೂ ಇರುವುದನ್ನು ಹೊಡೆದು ಹಾಕಿದರೆ ಕೊನೆಗೆ ಒಂದು ಮನೆಯವರು ಮಾತ್ರ ತರಿಸುವ ಸಾಮಾನು ಉಳಿಯುತ್ತದಲ್ಲ, ಹಾಗೆ. ಹೀಗೆ ಉಳಿದ ಒಂದು ಜೀನಿನ ವಿವರ 1992ರಲ್ಲಿ ಪ್ರಕಟವಾಯಿತು. ಅದರ ಹೆಸರು ಎನ್‌ಆರ್‌ಎಲ್. ನಮ್ಮ 14ನೇ ಕ್ರೋಮೋಸೋಮ್ ಮೇಲಿದೆ. ಅದು ತಯಾರಿಸುವ ಪ್ರೋಟೀನಿನ ಕೆಲಸ ಬೇರೆ ಜೀನ್‌ಗಳನ್ನು ಚಾಲೂ ಮಾಡುವುದು.

ಏನು ಚಾಲೂ ಮಾಡುತ್ತದೆ? 1996ರಲ್ಲಿ ಒಂದು ಉತ್ತರ ಸಿಕ್ಕಿತು. ರಾಡ್‌ನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನಿನ ಜೀನನ್ನು. 1999ರಲ್ಲಿ ಲಂಡನ್ನಿನ ಸಂಶೋಧಕರು ಆರ್‌ಪಿ ಇರುವ ಒಂದು ಕುಟುಂಬದಲ್ಲಿ ಎನ್‌ಆರ್‌ಎಲ್‌ನಲ್ಲೇ ದೋಷ ಪತ್ತೆಮಾಡಿದರು. ಪ್ರೋಟೀನಿನ ಸರಪಳಿಯಲ್ಲಿ 50ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಜೀನ್ ಕೆಲಸ ನಿಲ್ಲಿಸಿರಲಿಲ್ಲ. ಅತಿಯಾಗಿ ಕೆಲಸ ಮಾಡುತ್ತಿತ್ತು. ಜೀನಿನ ಕೆಲಸ ಜಾಸ್ತಿಯಾದರೂ ರಾಡ್ ಸಾಯುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. 1992ರಲ್ಲಿ ಜೀನ್ ಸಿಕ್ಕಿದ ಮೇಲೆ 2001ರಲ್ಲಿ ಅದರ ಕೆಲಸ ಏನೆಂದು ತಿಳಿಯುವವರೆಗೆ ಒಂಬತ್ತು ವರ್ಷ. ಈ ಅವಧಿಯಲ್ಲಿ ಸ್ವರೂಪ್ ಬೇರೆ ಕೆಲಸವನ್ನೂ ಮಾಡಿದ್ದಾರೆ. ಎಕ್ಸ್ ಕ್ರೋಮೋಸೋಮಿನ ಆರ್‌ಪಿ ಬಗ್ಗೆ, ವಯಸ್ಸಾದವರ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಕಾಯಿಲೆಯ ಬಗ್ಗೆ. ಆದರೆ ಈ ಜೀನನ್ನು ಬಿಡಲಿಲ್ಲ. ನನ್ನ ವಿದ್ಯಾರ್ಥಿಗಳು ಸಂಶೋಧನೆ ಎಂದರೆ ಒಂದು ದಿನ ಏನೋ ಹೊಳೆಯುವುದು ಎಂದುಕೊಂಡಿರುತ್ತಾರೆ. ಅವರಿಗೆ ನಾನು ಹೇಳುವುದು ಈ ಒಂಬತ್ತು ವರ್ಷದ ಕಥೆ.

ರಾಡ್ ಇಲ್ಲದ ಇಲಿ

ಜೀನಿನ ಕೆಲಸ ತಿಳಿಯಬೇಕಾದರೆ ಅದನ್ನು ತೆಗೆದು ನೋಡಬೇಕು. ಮಿಶಿಗನ್ ತಂಡ ಎನ್‌ಆರ್‌ಎಲ್ ಇಲ್ಲದ ಇಲಿಗಳನ್ನು ಬೆಳೆಸಿತು. ಇಲಿ ರಾತ್ರಿ ಓಡಾಡುವ ಪ್ರಾಣಿ, ಅದರ ಬೆಳಕು ಹಿಡಿಯುವ ಕೋಶಗಳಲ್ಲಿ ನೂರಕ್ಕೆ 97 ರಾಡ್. ರಾಡ್ ಆಗಲು ಬೇಕಾದ ಜೀನ್ ತೆಗೆದರೆ ಆ ಜಾಗ ಖಾಲಿಯಾಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಹಾಗಾಗಲಿಲ್ಲ. ರಾಡ್ ಒಂದೂ ಇರಲಿಲ್ಲ. ಆದರೆ ಅವು ಇರಬೇಕಾದ ಜಾಗದ ತುಂಬಾ ಕೋನ್‌ಗಳಿದ್ದವು, ಅದೂ ನೀಲಿ ನೇರಳೆ ಕಡೆಯ ಬೆಳಕಿಗೆ ಸ್ಪಂದಿಸುವ ಬಗೆಯವು. ಇಲಿಗಳ ಕಣ್ಣಿನ ಪರೀಕ್ಷೆ ಮಾಡಿದಾಗ ಕತ್ತಲೆಯ ಮಂದ ಬೆಳಕಿಗೆ ಪ್ರತಿಕ್ರಿಯೆಯೇ ಇಲ್ಲ. ಹಗಲಿನ ಪ್ರತಿಕ್ರಿಯೆ ಮಾಮೂಲಿ ಇಲಿಗಿಂತ ಜಾಸ್ತಿ. ಇದು ಪ್ರಕಟವಾಗಿದ್ದು 2001ರಲ್ಲಿ. 2007ರಲ್ಲಿ ಇದನ್ನೇ ತಿರುಗಿಸಿ ನೋಡಿದರು. ಕೋನ್ ಆಗಬೇಕಿದ್ದ ಎಳೆಯ ಕೋಶಗಳಲ್ಲೂ ಎನ್‌ಆರ್‌ಎಲ್ ಕೆಲಸ ಮಾಡುವ ಹಾಗೆ ಮಾಡಿದರು. ಆಗ ಎಲ್ಲವೂ ರಾಡ್ ಆದವು, ಕೋನ್ ಉಳಿಯಲಿಲ್ಲ.

"ಬೇರೆ ಮಾಡಿದ್ದು ಯಾರು" ಎಂಬ ಮಾವನ ಪ್ರಶ್ನೆಗೆ ಉತ್ತರ ಇದು. ಎಳೆಯ ಕೋಶ ತನ್ನಷ್ಟಕ್ಕೆ ಬಿಟ್ಟರೆ ಕೋನ್ ಆಗುವ ಕಡೆಗೇ ಹೋಗುತ್ತದೆ. ಎನ್‌ಆರ್‌ಎಲ್ ಬಂದು ಅದನ್ನು ರಾಡ್ ಕಡೆಗೆ ತಿರುಗಿಸುತ್ತದೆ. 2016ರಲ್ಲಿ ಸ್ವರೂಪ್ ತಂಡ ಇನ್ನೂ ಹಿಂದಕ್ಕೆ ಹೋಯಿತು. ಇಲಿಯ ಎಳೆಯ ರಾಡ್‌ಗಳಲ್ಲಿ ಕೋನ್ ಜೀನ್‌ಗಳ ಹಳೆಯ ಗುರುತುಗಳು ಉಳಿದಿದ್ದವು. ಸಸ್ತನಿಗಳ ಪೂರ್ವಜರು ಡೈನೋಸಾರ್‌ಗಳ ಕಾಲದಲ್ಲಿ ರಾತ್ರಿ ಹೊತ್ತು ಬದುಕಿದವರು. ಆಗ ಹಗಲಿನ ಕೋನ್‌ಗಳನ್ನೇ ಎನ್‌ಆರ್‌ಎಲ್ ಮೂಲಕ ರಾತ್ರಿಯ ಕೆಲಸಕ್ಕೆ ತೆಗೆದುಕೊಂಡ ಹಾಗಿದೆ ಎನ್ನುವುದು ಅವರ ವಾದ. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಲಿಗೆ ಮಾಡಿದ ಆ ಪರೀಕ್ಷೆಯ ಹೆಸರು ಇಆರ್‌ಜಿ, ಬೆಳಕಿಗೆ ರೆಟಿನಾದ ವಿದ್ಯುತ್ ಪ್ರತಿಕ್ರಿಯೆ ಅಳೆಯುವುದು. ಮಾವನಿಗೂ ಅದನ್ನೇ ಮಾಡಿದರು. ನಾನು ಜೊತೆಗಿದ್ದೆ. ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿದ ಮೇಲೆ, ಪೂರ್ತಿ ಕತ್ತಲೆ ಮಾಡಿದ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸುತ್ತಾರೆ. ರಾಡ್‌ಗಳು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ನನಗೆ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದ ಹಾಗಾಯಿತು. ಕೈ ಮುಂದೆ ಚಾಚಿದರೆ ಕೈಯೇ ಕಾಣದು. ಮಾವ ಆರಾಮವಾಗಿ ಕೂತಿದ್ದರು. "ಇದು ನನಗೆ ದಿನಾ ಇರೋದೇ ಬಿಡೋ" ಎಂದರು. ಆಮೇಲೆ ಕಣ್ಣಿನ ಮೇಲೆ ಎಲೆಕ್ಟ್ರೋಡ್ ಇಟ್ಟು, ಮೊದಲು ಮಂದವಾದ ಬೆಳಕು ಮಿಂಚಿಸಿದರು, ಕೊನೆಗೆ ಜೋರಾದದ್ದು. ಡಾಕ್ಟರು ಗ್ರಾಫ್ ತೋರಿಸಿದರು. ಮಂದ ಬೆಳಕಿನ ಕಡೆ ನೇರ ಗೆರೆ. ಜೋರು ಬೆಳಕಿನ ಕಡೆ ಸಣ್ಣ ಉಬ್ಬು. 2001ರ ಲೇಖನದಲ್ಲಿ ನಾನು ಕಂಡ ಇಲಿಯ ಗ್ರಾಫಿನಲ್ಲೂ ಕತ್ತಲೆಯ ಗೆರೆ ಹೀಗೇ ಇತ್ತು. ಆದರೆ ಹಗಲಿನ ಉಬ್ಬು ದೊಡ್ಡದಿತ್ತು. ಮಾವನದ್ದು ಸಣ್ಣದು, ವರ್ಷದಿಂದ ವರ್ಷಕ್ಕೆ ಇನ್ನೂ ಸಣ್ಣದಾಗುತ್ತಿರುವುದು.

ಆರ್‌ಪಿಯ ನಿಜವಾದ ಕಷ್ಟ ಇಲ್ಲಿದೆ. ಬಹಳಷ್ಟು ಜನರಲ್ಲಿ ಕೆಟ್ಟ ಜೀನಿಗೆ ಕೆಲಸ ಇರುವುದು ರಾಡ್‌ನಲ್ಲಿ ಮಾತ್ರ. ಕೋನ್‌ಗೆ ತನ್ನದೇ ಆದ ದೋಷ ಏನೂ ಇಲ್ಲ. ಆದರೂ ರಾಡ್‌ಗಳು ಹೋದ ಮೇಲೆ ಕೋನ್‌ಗಳೂ ಒಂದೊಂದಾಗಿ ಸಾಯುತ್ತವೆ, ಹಗಲಿನ ನೋಟವೂ ಅಂಚಿನಿಂದ ನಡುವಿಗೆ ಕಿರಿದಾಗುತ್ತಾ ಬರುತ್ತದೆ. ರಾಡ್‌ಗಳು ಬದುಕಿರುವವರೆಗೆ ಕೋನ್‌ಗಳನ್ನು ಕಾಪಾಡುವ ಒಂದು ಪ್ರೋಟೀನ್ ಹೊರಬಿಡುತ್ತವೆ ಎಂದು ಪ್ಯಾರಿಸ್ಸಿನ ತಂಡ 2004ರಲ್ಲಿ ತೋರಿಸಿತು. ರಾಡ್ ಸತ್ತ ಮೇಲೆ ಕೋನ್‌ಗಳು ಹಸಿವಿನಿಂದ ಸೊರಗುತ್ತವೆ ಎಂದು ಹಾರ್ವರ್ಡ್‌ನ ಕಾನ್‌ಸ್ಟನ್ಸ್ ಸೆಪ್ಕೋ ಅವರ ತಂಡ 2009ರಲ್ಲಿ ವಾದಿಸಿತು. ಸೆಪ್ಕೋ ಕೂಡ ರೆಟಿನಾದ ಕೋಶಗಳು ಹೇಗೆ ಹುಟ್ಟುತ್ತವೆ ಎಂದು ನೋಡುತ್ತಾ ವೃತ್ತಿ ಶುರುಮಾಡಿದವರು. ಎಳೆಯ ಕಣ್ಣನ್ನು ನೋಡುತ್ತಿದ್ದವರು ಸಾಯುತ್ತಿರುವ ಕಣ್ಣಿನ ಕಡೆಗೆ ಬರುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಹಸಿರು ಕೋಶಗಳು

2006ರಲ್ಲಿ ಸ್ವರೂಪ್ ತಂಡ ಮಾಡಿದ ಒಂದು ಇಲಿ ಈ ಕ್ಷೇತ್ರವನ್ನೇ ಬದಲಿಸಿತು. ಎನ್‌ಆರ್‌ಎಲ್ ಚಾಲೂ ಆದ ಕೂಡಲೇ ಕೋಶ ಹಸಿರಾಗಿ ಹೊಳೆಯುವ ಹಾಗೆ ಮಾಡಿದ್ದರು. ಹೊಳೆಯುವ ಪ್ರೋಟೀನ್ ಮೂಲತಃ ಜೆಲ್ಲಿಫಿಶ್‌ನದ್ದು. ಹುಟ್ಟುತ್ತಿರುವ ರಾಡ್‌ಗಳನ್ನು ಮೊದಲ ಸಲ ಬೇರೆ ಕೋಶಗಳಿಂದ ಆರಿಸಿ ತೆಗೆಯಲು ಸಾಧ್ಯವಾಯಿತು. ಅದೇ ವರ್ಷ ಲಂಡನ್ನಿನ ರಾಬಿನ್ ಅಲಿ ಅವರ ತಂಡ ಸ್ವರೂಪ್ ಜೊತೆ ಸೇರಿ, ಮರಿ ಇಲಿಗಳ ಈ ಹಸಿರು ಕೋಶಗಳನ್ನು ದೊಡ್ಡ ಇಲಿಗಳ ರೆಟಿನಾಕ್ಕೆ ಹಾಕಿತು. ಹಸಿರು ರಾಡ್‌ಗಳು ಸರಿಯಾದ ಪದರದಲ್ಲಿ, ಸರಿಯಾದ ಆಕಾರದಲ್ಲಿ ಕಂಡವು. ಕೋಶ ಕಸಿ ಮಾಡಿ ಕಣ್ಣು ರಿಪೇರಿ ಮಾಡಬಹುದು ಎಂಬ ಆಸೆ ಎಲ್ಲೆಡೆ ಹಬ್ಬಿತು.

ಹತ್ತು ವರ್ಷ ಬಿಟ್ಟು, 2016ರಲ್ಲಿ, ಹಲವು ಪ್ರಯೋಗಾಲಯಗಳು ಬೇರೆಯದೇ ಸಂಗತಿ ವರದಿ ಮಾಡಿದವು. ಹಸಿರಾಗಿ ಕಂಡ ಬಹುಪಾಲು ಕೋಶಗಳು ಕಸಿ ಮಾಡಿದವಲ್ಲ. ಅಲ್ಲಿ ಮೊದಲೇ ಇದ್ದ ಕೋಶಗಳೇ. ಹೊಸ ಕೋಶಗಳಿಂದ ಹಳೆಯವಕ್ಕೆ ಪ್ರೋಟೀನ್ ದಾಟಿಹೋಗಿ ಅವು ಹಸಿರಾಗಿದ್ದವು. ಇದನ್ನು ವರದಿ ಮಾಡಿದ ತಂಡಗಳಲ್ಲಿ ಲಂಡನ್ನಿನ ಅದೇ ತಂಡವೂ ಇತ್ತು. ನನಗೆ ಆ ಲೇಖನದ ಮೇಲೆ ತುಂಬಾ ಗೌರವ. ತಾವೇ ಹುಟ್ಟಿಸಿದ ಆಸೆಯನ್ನು ತಾವೇ ಒರೆಗೆ ಹಚ್ಚಿ, ಹೀಗಾಗಿದೆ ನೋಡಿ ಎಂದು ಎದುರಿಗಿಡುವುದು ಸುಲಭದ ಮಾತಲ್ಲ. ಕಸಿಯ ಪ್ರಯತ್ನ ನಿಂತಿಲ್ಲ, ಈಗ ಇನ್ನೂ ಎಚ್ಚರದಿಂದ ನಡೆಯುತ್ತಿದೆ. "ಸ್ಟೆಮ್ ಸೆಲ್ ಹಾಕಿ ಆರ್‌ಪಿ ವಾಸಿಮಾಡುತ್ತೇವೆ" ಎಂಬ ಜಾಹೀರಾತು ನೋಡಿ ಜಮೀನು ಅಡವಿಡಲು ಹೊರಟವರನ್ನು ನಾನು ಬಲ್ಲೆ. ಅಂಥವರಿಗೆ ಈ ಹಸಿರು ಕೋಶಗಳ ಕಥೆ ಹೇಳುತ್ತೇನೆ.

ರಾಡ್ ಕಟ್ಟಿದ ಜೀನನ್ನೇ ಕೆಡಿಸುವುದು

2007ರಲ್ಲಿ ಸ್ವರೂಪ್ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ಗೆ ಬಂದರು. ಅಲ್ಲಿ 2017ರಲ್ಲಿ ನಡೆದ ಒಂದು ಕೆಲಸ ನನ್ನನ್ನು ಜಾಸ್ತಿ ಕಾಡಿದ್ದು. ಆರ್‌ಪಿಗೆ ಕಾರಣವಾಗುವ ಜೀನ್‌ಗಳು 80ಕ್ಕೂ ಹೆಚ್ಚು. ಒಂದೊಂದಕ್ಕೂ ಬೇರೆ ಬೇರೆ ಔಷಧಿ ಮಾಡುವುದು ಯಾವ ಕಾಲಕ್ಕೆ? 2017ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ರೆಟಿನಾ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿಗೆ. ಮಾರುಕಟ್ಟೆಗೆ ಬಂದಾಗ ಎರಡೂ ಕಣ್ಣಿಗೆ ಅದರ ಬೆಲೆ 8,50,000 ಡಾಲರ್ ಇತ್ತು. ಐ ಇನ್‌ಸ್ಟಿಟ್ಯೂಟ್‌ನವರು ಬೇರೆ ದಾರಿ ಹಿಡಿದರು. ಇಲಿಯ ಕಣ್ಣಿನಲ್ಲಿ ಆಗಲೇ ರೂಪುಗೊಂಡ ರಾಡ್‌ಗಳಲ್ಲಿ, ಅವು ಸಾಯುವ ಮೊದಲು, ಜೀನ್ ಕತ್ತರಿಸುವ ಕ್ರಿಸ್ಪರ್ ಎಂಬ ತಂತ್ರ ಬಳಸಿ ಎನ್‌ಆರ್‌ಎಲ್ ಜೀನನ್ನೇ ಕೆಡಿಸಿದರು. ರಾಡ್‌ಗಳು ತಮ್ಮ ರಾಡ್‌ತನವನ್ನು ಒಂದಿಷ್ಟು ಬಿಟ್ಟು ಕೋನ್ ಕಡೆಗೆ ವಾಲಿದವು. ರಾಡ್ ಕೆಲಸ ನಿಂತ ಮೇಲೆ ರಾಡ್ ಜೀನಿನ ದೋಷಕ್ಕೆ ಕೋಶವನ್ನು ಕೊಲ್ಲುವ ಬಲ ಕಡಿಮೆ. ಕೋಶಗಳು ಉಳಿದವು. ಅವು ಉಳಿದಿದ್ದರಿಂದ ಪಕ್ಕದ ನಿಜವಾದ ಕೋನ್‌ಗಳೂ ಉಳಿದವು. ಬೇರೆ ಬೇರೆ ದೋಷವಿದ್ದ ಮೂರು ಬಗೆಯ ಇಲಿಗಳಲ್ಲಿ ಹೀಗಾಯಿತು.

ಇದರ ಬೆಲೆ ರಾತ್ರಿಯ ನೋಟ. ಮಾವನಿಗೆ ಇದನ್ನು ವಿವರಿಸಿದಾಗ ಅವರು ಒಂದು ನಿಮಿಷವೂ ಯೋಚಿಸಲಿಲ್ಲ. "ರಾತ್ರಿ ನನಗೆ ಯಾವತ್ತಿತ್ತು? ಹಗಲು ಉಳಿದರೆ ಸಾಕು" ಎಂದರು. ಮನುಷ್ಯರಿಗೆ ಇದು ಇನ್ನೂ ಬಂದಿಲ್ಲ. ಆದರೂ 1992ರಲ್ಲಿ ಸಿಕ್ಕ ಜೀನ್ ಏನು ಮಾಡುತ್ತದೆಂದು 2001ರಲ್ಲಿ ತಿಳಿಯದಿದ್ದರೆ, ಅದರ ಕೆಲಸ ನಿಲ್ಲಿಸಬೇಕೆಂಬ ಯೋಚನೆ 2017ರಲ್ಲಿ ಯಾರಿಗೂ ಬರುತ್ತಿರಲಿಲ್ಲ. ರಾಡ್ ಹೇಗೆ ಹುಟ್ಟುತ್ತದೆ ಎಂದು ಕೇಳಿಕೊಂಡು ಕೂತರೆ ರೋಗಿಗೆ ಏನು ಲಾಭ ಎನ್ನುವವರಿದ್ದಾರೆ. ಅದರಿಂದಲೇ ಲಾಭ ಎಂದು ನನ್ನ ದೃಢವಾದ ನಂಬಿಕೆ.

ಸರ್ಪಗಂಧ

ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಹುಟ್ಟಿನಿಂದಲೇ ಕಣ್ಣು ಕಾಣದ ಹಾಗೆ ಮಾಡುವ ಕಾಯಿಲೆಯೊಂದಕ್ಕೆ ಸಿಇಪಿ290 ಎಂಬ ಜೀನ್ ಕಾರಣ. ಆ ಜೀನ್ ಕೆಟ್ಟ ಇಲಿಯ ಕೋಶಗಳಿಂದ ಸ್ವರೂಪ್ ತಂಡ ತಟ್ಟೆಯಲ್ಲೇ ಪುಟ್ಟ ಪುಟ್ಟ ರೆಟಿನಾಗಳನ್ನು ಬೆಳೆಸಿ, 6000ಕ್ಕೂ ಹೆಚ್ಚು ಔಷಧಿ ಅಣುಗಳನ್ನು ಪರೀಕ್ಷಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ರೆಸರ್ಪಿನ್. ನಮ್ಮ ಸರ್ಪಗಂಧದ ಬೇರಿನಿಂದ ಸಿಕ್ಕ ಅಣು ಅದು. ಬಿ.ಪಿ.ಗೆ ಸರ್ಪಗಂಧ ಕೆಲಸ ಮಾಡುತ್ತದೆಂದು ಬೊಂಬಾಯಿಯ ಡಾಕ್ಟರ್ ರುಸ್ತಮ್ ಜಾಲ್ ವಕೀಲ್ 1949ರಲ್ಲೇ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದಿದ್ದರು. ಈಗ ಅದೇ ಅಣು ತಟ್ಟೆಯಲ್ಲಿ ಬೆಳೆದ ರೆಟಿನಾದ ಕೋಶಗಳನ್ನೂ, ಇಲಿಯ ಕಣ್ಣಿನ ಕೋಶಗಳನ್ನೂ ಸಾಯದಂತೆ ಕಾಪಾಡಿದೆ. ದಯವಿಟ್ಟು ಯಾರೂ ಬೇರು ತಂದು ಕಷಾಯ ಮಾಡಿ ಕುಡಿಯಬೇಡಿ. ರಕ್ತದ ಒತ್ತಡ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮನುಷ್ಯರ ಕಣ್ಣಿಗೆ ಅದು ಆಗುತ್ತದೋ ಇಲ್ಲವೋ ಎಂದು ತೋರಿಸುವ ಕೆಲಸ ಇನ್ನೂ ಬಾಕಿ ಇದೆ.

ಮಾವನ ಜೀನ್ ಪರೀಕ್ಷೆಯ ವರದಿ ಬಂದಿದೆ. ಅವರ ಕೆಟ್ಟ ಜೀನ್ ಎನ್‌ಆರ್‌ಎಲ್ ಅಲ್ಲ. ಬೇರೊಂದರಲ್ಲಿ ಒಂದು ಬದಲಾವಣೆ ಇದೆ, ಕಾಯಿಲೆಗೆ ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದು ಬರೆದಿದ್ದಾರೆ. ನಮ್ಮ ಕಡೆಯ ಕುಟುಂಬಗಳ ವರದಿಗಳಲ್ಲಿ ಈ ಸಾಲು ಅಪರೂಪವಲ್ಲ. ಹೋಲಿಸಿ ನೋಡಲು ನಮ್ಮವರ ಮಾಹಿತಿ ಸಾಲದು. ಒಡಹುಟ್ಟಿದವರ ರಕ್ತವೂ ಸಿಕ್ಕರೆ ಗೊಂದಲ ಬಗೆಹರಿಯಬಹುದು ಎಂದು ಕೌನ್ಸೆಲರ್ ಹೇಳಿದರು. ಕಣ್ಣು ಚೆನ್ನಾಗಿರುವ ತಂಗಿಯರಲ್ಲಿ ಆ ಬದಲಾವಣೆ ಜೋಡಿಯಾಗಿದೆಯೋ, ಒಂಟಿಯಾಗಿದೆಯೋ, ಇಲ್ಲವೇ ಇಲ್ಲವೋ ನೋಡಬೇಕಂತೆ. ಅಮ್ಮ ತಕ್ಷಣ ಒಪ್ಪಿದರು. ಚಿಕ್ಕಮ್ಮನಿಗೆ, ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಇದೆಲ್ಲ ಯಾಕೆ ಎಂಬ ಅಳುಕಿತ್ತು. ಅವರ ಮನೆಗೆ ಹೋಗಿ, ವರದಿ ಬೇರೆ ಯಾರ ಕೈಗೂ ಹೋಗುವುದಿಲ್ಲ ಎಂದು ಹೇಳಿ, ರಾಡ್, ಕೋನ್, ಎನ್‌ಆರ್‌ಎಲ್ ಎಲ್ಲ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ನನ್ನ ಮಾತಿಗಿಂತ ಜಾಸ್ತಿ ನಾಟಿದ್ದು ಅವರ ಮಗಳ ಮಾತು. "ನಂದೂ ತೊಗೊಳ್ಳಿ ಅಣ್ಣ, ನಾಳೆ ನನ್ನ ಮಕ್ಕಳಿಗೆ ಗೊತ್ತಿರಬೇಕಲ್ವಾ" ಎಂದಳು. ಮೂವರ ರಕ್ತವೂ ಈ ವಾರ ಲ್ಯಾಬಿಗೆ ಹೋಗಿದೆ.